ಮೇಷ್ಟ್ರ ಕಾರಿನ ಕಾಯಿಲೆ

ಪಾಲಿಟೆಕ್ನಿಕ್ಕಿನಲ್ಲಿ ನಮಗೆ ಮೋಟಾರು ಪಾಠ ಹೇಳುತ್ತಿದ್ದ ಮೇಷ್ಟ್ರು ಯಾದವಗಿರಿಯಿಂದ ಬರುತ್ತಿದ್ದದ್ದು, ಮುಂದುಗಡೆ ಹ್ಯಾಂಡಲ್ ತೂರಿಸಿ ತಿರುಗಿಸಿದರೆ ಮಾತ್ರ ಚಾಲೂ ಆಗುವ ಹಳೇ ಕಾರಿನಲ್ಲಿ. ಬಂದವರೇ ನಮಗೆ ಕಾಣದಂತೆ ಅದರಲ್ಲಿ ಏನಾದರೂ ಕೆಡಿಸಿಡುತ್ತಿದ್ದರು. ಅದನ್ನು ಹುಡುಕುವುದೇ ಅವತ್ತಿನ ಪಾಠ. ನಾವು ಸ್ಪ್ಯಾನರ್ ಎತ್ತಿದರೆ, "ಬಿಚ್ಚೋಕೆ ಮುಂಚೆ ಇಂಜಿನ್ ಸದ್ದು ಕೇಳ್ರಯ್ಯ!" ಎಂದು ಗದರುತ್ತಿದ್ದರು.

ಅವರ ಮಗಳ ಮದುವೆಯ ದಿನ, ವರನನ್ನು ಛತ್ರಕ್ಕೆ ಕರೆತರುವಾಗ ಆ ಕಾರು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಮುಹೂರ್ತ ಹತ್ತಿರವಾಗಿತ್ತು, ಬೀಗರು ಕೆಂಡಾಮಂಡಲವಾದರು. ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ನಾವು ಮಾತ್ರ ನಗುತ್ತಾ, "ಇವತ್ತೇನು ಕೆಡಿಸಿದ್ದೀರಿ ಸಾರ್?" ಎಂದೆವು.

ಮೇಷ್ಟ್ರ ಮುಖ ಅರಳಿತು. "ಇವತ್ತು ನಂಗೂ ಗೊತ್ತಿಲ್ಲ ಕಣ್ರಯ್ಯ!" ಎಂದವರೇ ಪೇಟ ತೆಗೆದು ಬೀಗರ ಕೈಗಿಟ್ಟು, ಬಾನೆಟ್ಟಿಗೆ ಕಿವಿ ಹಚ್ಚಿ, ವರನನ್ನು ಕರೆದರು:

"ಅಳಿಯಂದ್ರೇ, ಇಳೀರಿ. ನೀವು ಹ್ಯಾಂಡಲ್ ತಿರುಗ್ಸಿ, ನಾವು ಕೇಳ್ತೀವಿ."