ಲಕ್ಷದಲ್ಲಿ ಉಳಿದ ಒಂದು ಬತ್ತಿ

ಹೂಬತ್ತಿಯ ತುದಿ ತಿರುಚಲು ಬೆರಳಿಗೆ ಹಾಲು ಹಚ್ಚಿಕೊಳ್ಳುತ್ತೇವಲ್ಲ, ಅದು ಹತ್ತಿಯಲ್ಲಿ ಆರುವಾಗ ಎಳೆಗೂಸಿನ ಬಾಯಿಯಂಥ ವಾಸನೆ ಬರುತ್ತದೆ. ನಿನ್ನೆ ಸಂಜೆ ಆ ವಾಸನೆಗೆ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು... ಅದೇ ಹೊತ್ತಿಗೆ ಲೆಕ್ಕ ಮಾಡುತ್ತಿದ್ದ ಮೊಮ್ಮಗಳು ಕೇಳಿದಳು, "ಅಜ್ಜಿ, ಒಂದು ಕೋಟೀನ ಮೂರರಿಂದ ಭಾಗಿಸಿದ್ರೆ ಸರಿಯಾಗಿ ಹೋಗುತ್ತಾ?"

"ಹೋಗಲ್ಲ ಕಣೇ. ಒಂದು ಉಳಿಯುತ್ತೆ."

ಅವಳು ಭಾಗಿಸಿ ನೋಡಿ ಕಣ್ಣರಳಿಸಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದಕ್ಕಿಂತ ಇನ್ನೇನು ಬೇಕು?

ನಾನು ಹಳೇಬೀಡಿಗೆ ಸೊಸೆಯಾಗಿ ಬಂದ ಹೊಸತು. ಮೊದಲ ಬಸಿರು ನಿಂತಿರಲಿಲ್ಲ. ಆ ಕಾರ್ತಿಕದಲ್ಲಿ ನಮ್ಮತ್ತೆ, ದೊಡ್ಡಮ್ಮ, ಎದುರು ಮನೆಯವರು ಮೂವರೂ ಸಮಪಾಲು ಹೊಸೆದು ದೇವರಿಗೆ ಲಕ್ಷ ಬತ್ತಿ ಒಪ್ಪಿಸುವುದೆಂದು ಹರಕೆ ಹೊತ್ತರು. ನಾನು ಹತ್ತಿಗೆ ಕೈ ಹಾಕಿದರೆ ಅತ್ತೆ, "ಈ ಸಲ ನೀನು ಬ್ಯಾಡ ಕಣೇ. ಮಗು ನಿಂತ ಮೇಲೆ ನೋಡಾಣ" ಎಂದರು. ನಾನು ಕಾಫಿ ಕಾಯಿಸಿಕೊಡುತ್ತಿದ್ದೆ, ಅಷ್ಟೆ... ಒಲೆಯ ಮುಂದೆ ಅತ್ತದ್ದನ್ನು ದೊಡ್ಡಮ್ಮ ನೋಡಿರಬೇಕು.

ಕೊನೆಯ ದಿನ ಮೂವರ ಪಾಲೂ ಮುಗಿಯಿತು. ಕೂಡಿಸಿದರೆ ಲಕ್ಷಕ್ಕೆ ಒಂದು ಕಮ್ಮಿ.

"ಆ ಒಂದು ನಂದಿರ್ಲಿ ಬಿಡ್ರೀ" ಎಂದರು ಎದುರು ಮನೆಯವರು.

"ಅದ್ಯಾಕ್ರೀ ನಿಮ್ದು? ಹರಕೆ ಮಾತು ಎತ್ತಿದ್ದು ನಾನು" ಎಂದರು ಅತ್ತೆ. "ಸಮ ಅಂದ್ಮೇಲೆ ಸಮ. ಎಣಿಸೋದ್ರಲ್ಲೇ ಎಲ್ಲೋ ತಪ್ಪೈತೆ."

ದೊಡ್ಡಮ್ಮ ನಕ್ಕರು. "ತಪ್ಪಿಲ್ಲ ಕಣ್ರಮ್ಮ. ಹತ್ತರಲ್ಲಿ ಒಂಬತ್ತು ಮೂವರಿಗೂ ಸಮ ಬತ್ತದೆ, ಒಂದು ಉಳೀತದೆ. ನೂರರಲ್ಲಿ ತೊಂಬತ್ತೊಂಬತ್ತು ಸಮ ಬತ್ತದೆ, ಒಂದು ಉಳೀತದೆ. ಒಂದರ ಮುಂದೆ ಇಲ್ಲಿಂದ ಬೇಲೂರ್ ಗಂಟ ಸೊನ್ನೆ ಇಟ್ಕೊಂಡು ಹೋಗ್ರಿ, ಆಗ್ಲೂ ಅಷ್ಟೇಯ."

"ಹಂಗಾರೆ ಆ ಒಂದು ಯಾರ್ದು?" ಎಂದರು ಅತ್ತೆ.

"ಮೂವರ್ದೂ ಅಲ್ಲ. ನಾಕನೇ ಕೈ ಮನೇಲೇ ಐತಲ್ಲ" ಎಂದು ದೊಡ್ಡಮ್ಮ ಹಾಲಿನ ಬಟ್ಟಲನ್ನು ನನ್ನ ಕಡೆ ಸರಿಸಿದರು.

ನಾನು ಅತ್ತೆಯ ಮುಖ ನೋಡಿದೆ. ಅವರು ಒಂದು ಎಸಳು ಹತ್ತಿ ಕಿತ್ತು ನನ್ನ ಕೈಗಿಟ್ಟು, "ಗಟ್ಟಿಯಾಗಿ ತಿರುಚು, ಸಡ್ಲ ಬಿಡ್ಬ್ಯಾಡ" ಎಂದರು.

ಮರುವರ್ಷ ಮಗ ಹುಟ್ಟಿದ. ಬತ್ತಿಯಿಂದಲೇ ಹುಟ್ಟಿದ ಎಂದು ನಾನು ಹೇಳುವುದಿಲ್ಲ. ಆದರೆ ಆ ಮನೆ ನನ್ನದೂ ಆದದ್ದು ಆ ದಿನವೇ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಿನ್ನೆ ಇಷ್ಟನ್ನೂ ಕೇಳಿದ ಮೊಮ್ಮಗಳು, ಆ ಮಗನ ಮಗಳು, "ಏಳು ಜನಕ್ಕೆ ಹಂಚಿದ್ರೆ ಎಷ್ಟು ಉಳಿಯುತ್ತಂತೆ?" ಎಂದಳು.

"ಅದನ್ನ ನಾನು ದೊಡ್ಡಮ್ಮನ್ನ ಕೇಳಲಿಲ್ಲ ಕಣೇ. ಈಗ ಕೇಳೋಣ ಅಂದ್ರೆ ಅವರಿಲ್ಲ."

"ಇರಿ ಅಜ್ಜಿ, ನಾನೇ ನೋಡ್ತೀನಿ" ಎಂದು ಪೆನ್ಸಿಲ್ ಹಿಡಿದು ಕುಳಿತೇಬಿಟ್ಟಳು. ಊಟಕ್ಕೆ ಕರೆದರೂ ತಲೆ ಎತ್ತಲಿಲ್ಲ. ನಾನು ಹಿಗ್ಗಿ ಅಲ್ಲೇ ನೋಡುತ್ತಾ ಕುಳಿತೆ. ನನಗೂ ಪಾಲಿದೆ ಎಂದ ದೊಡ್ಡಮ್ಮನಿಗೆ ಇವಳನ್ನು ಒಮ್ಮೆ ತೋರಿಸಬೇಕಿತ್ತು...