ಸೆಟ್ಟಿಂಗ್ ಟೈಮ್

ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಆಗೆಲ್ಲ ಸಂಜೆ ಐದಾಯಿತೆಂದರೆ ಮಕ್ಕಳು ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಹುಡುಗರು ಗಲ್ಲಿ ಕ್ರಿಕೆಟ್ಟಿಗೆ, ಚಿಕ್ಕವರು ಕುಂಟೆಬಿಲ್ಲೆಗೆ, ನಾನು ಮತ್ತು ಗೆಳತಿ ಶೋಭಾ ಶಾಲೆಯ ಮೈದಾನಕ್ಕೆ ಖೋ ಖೋ ಆಡಲು. ಮನೆಗೆ ಮರಳುವಾಗ ಮೊಣಕಾಲಿನ ತುಂಬ ಕೆಮ್ಮಣ್ಣು, ಹೊಟ್ಟೆಯ ತುಂಬ ಹಸಿವು. ಅವರೆಕಾಯಿ ಕಾಲವಾದರೆ ತಿರುವಿನಿಂದಲೇ ಸೊಗಡು ಮೂಗಿಗೆ ಬಡಿಯುತ್ತಿತ್ತು, ಯಾರ ಮನೆಯಲ್ಲಿ ಹಿತಕಿದ ಬೇಳೆ ಸಾರು ಎಂದು ನಾವು ಪಂತ ಕಟ್ಟುತ್ತಿದ್ದೆವು. ಅಂಥ ಒಂದು ಅವರೆಕಾಯಿ ಕಾಲದಲ್ಲಿ, ನಾನು ಎಂಟನೇ ತರಗತಿಯಲ್ಲಿದ್ದಾಗ, ಗಣಿತದ ಟೆಸ್ಟಿನಲ್ಲಿ ನನಗೆ ಇಪ್ಪತ್ತೈದಕ್ಕೆ ಆರು ಬಂತು.

ಅಮ್ಮ ಹೆಚ್ಚು ಬೈಯಲಿಲ್ಲ. ಅವರೆಕಾಳು ಹಿತುಕುತ್ತಾ, ತಲೆ ಕೂಡ ಎತ್ತದೆ ತೀರ್ಪು ಕೊಟ್ಟರು.

"ಮುಂದಿನ ಟೆಸ್ಟಲ್ಲಿ ಪಾಸಾಗ್ಲಿಲ್ಲ ಅಂದ್ರೆ ಖೋ ಖೋ ಬಂದ್. ಆಟದ್ ಮಿಸ್ ಬಂದು ಕಾಲಿಗ್ ಬಿದ್ರೂ ಕಳಿಸಲ್ಲ."

ಟೆಸ್ಟಿಗೆ ಮೂರು ವಾರವಿತ್ತು. ಅದಾದ ಮಾರನೇ ವಾರ ಶಾಲೆಗಳ ನಡುವಿನ ಪಂದ್ಯ. ಮೊದಲ ಸಲ ತಂಡದ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಆ ಪಟ್ಟಿಯನ್ನು ನೋಟೀಸ್ ಬೋರ್ಡಿನ ಮುಂದೆ ನಿಂತು ಎಷ್ಟು ಸಲ ಓದಿದ್ದೆನೋ, ಪಾಠವನ್ನು ಅಷ್ಟು ಸಲ ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹೆದರಿದ ನಾನು ಮಾಡಿದ ಮೊದಲ ಕೆಲಸ, ಟೈಮ್ ಟೇಬಲ್ ಬರೆದದ್ದು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಹಿಂದುಮುಂದಾಗಿಸಿ, ಹನ್ನೆರಡು ಬಣ್ಣದ ಸ್ಕೆಚ್ ಪೆನ್ನು ತೆಗೆದು, ಇಡೀ ಭಾನುವಾರ ಕೂತು ಗೀಟು ಹಾಕಿದೆ. ಬೆಳಿಗ್ಗೆ ಐದರಿಂದ ಆರು ಗಣಿತ, ಕೆಂಪು. ಆರರಿಂದ ಏಳು ವಿಜ್ಞಾನ, ಹಸಿರು. ಅಂಚಿಗೆ ಬಳ್ಳಿ, ಬಳ್ಳಿಗೆ ಹೂವು. ಪಕ್ಕದ ಮನೆ ಆಂಟಿ ನೋಡಿ, "ಎಷ್ಟ್ ಚೆನ್ನಾಗ್ ಬರ್ದಿದೀಯೇ, ನಮ್ ಹುಡುಗನಿಗೂ ಒಂದ್ ಮಾಡ್ಕೊಡು" ಎಂದರು. ಅವನಿಗೂ ಮಾಡಿಕೊಟ್ಟೆ. ಅಲ್ಲಿಗೆ ಸೋಮವಾರದ ಸಂಜೆಯೂ ಮುಗಿಯಿತು. ಮಂಗಳವಾರ ಎದ್ದದ್ದು ಏಳಕ್ಕೆ. ತಪ್ಪು ಟೈಮ್ ಟೇಬಲ್ಲಿನದೇ ಇರಬೇಕೆಂದು ಇನ್ನೊಂದು ಬರೆದೆ, ಅದೂ ನಡೆಯದೆ ಮತ್ತೊಂದು.

ಅಪ್ಪ ಕಾಮಾಕ್ಷಿಪಾಳ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಆಪರೇಟರ್. ಮನೆಗೆ ಬಂದೊಡನೆ ಬಚ್ಚಲಿನಲ್ಲಿ ಸೋಪಿನ ಪುಡಿ ಹಾಕಿ ಮೊಣಕೈವರೆಗೂ ತಿಕ್ಕಿ ತೊಳೆಯುತ್ತಿದ್ದರು. ಆದರೂ ಕಬ್ಬಿಣ ಮತ್ತು ಎಣ್ಣೆಯ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ನನಗೆ ಆ ವಾಸನೆಯೆಂದರೆ ಧೈರ್ಯ. ಏಳನೇ ಕ್ಲಾಸಿಗೆ ಓದು ಬಿಟ್ಟವರು, ನನ್ನ ಪುಸ್ತಕಗಳ ತಂಟೆಗೆ ಎಂದೂ ಬಂದವರಲ್ಲ. ಅಂಥವರು ಆ ವಾರ ಒಂದು ಸಂಜೆ ಕಾಫಿ ಲೋಟ ಹಿಡಿದು ಗೋಡೆಯ ಮೇಲಿದ್ದ ನನ್ನ ಮೂರನೇ ಟೈಮ್ ಟೇಬಲ್ಲನ್ನು ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ಸೆಟ್ಟಿಂಗ್ ಟೈಮ್ ಎಲ್ಲಮ್ಮ?"

"ಹಂಗಂದ್ರೇನಪ್ಪಾ?"

"ಮೆಷಿನ್ ಆನ್ ಮಾಡಿದ್ ತಕ್ಷಣ ಪೀಸ್ ಉದುರಲ್ಲ ಕಣಮ್ಮ. ಟೂಲ್ ಕಟ್ಬೇಕು, ಜಾಬ್ ಅಂದ್ರೆ ಕಡೆಯೋ ಕಬ್ಬಿಣ, ಅದನ್ನ ಹಿಡಿಸ್ಬೇಕು, ಅಳತೆ ನೋಡ್ಬೇಕು. ಅದಕ್ಕೇ ಅರ್ಧ ಗಂಟೆ ಬೇಕು. ನೀನು ಆರಕ್ಕೆ ಗಣಿತ ನಿಲ್ಸಿ ಆರಕ್ಕೇ ವಿಜ್ಞಾನ ಶುರು ಅಂತೀಯ. ಪುಸ್ತಕ ಯಾರ್ ತೆಗೀತಾರೆ? ಪೆನ್ಸಿಲ್ ಯಾರ್ ಹೆರೀತಾರೆ? ನಿಮ್ಮಮ್ಮನಾ?"

ಒಳಗಿನಿಂದ ಅಮ್ಮ, "ಅದೊಂದ್ ಬಾಕಿ ಇತ್ತು ನನಗೆ" ಎಂದರು.

ಮಾರನೇ ದಿನ ಅಪ್ಪ ಶೆಡ್ಡಿನಿಂದ ಒಂದಷ್ಟು ಖಾಲಿ ಜಾಬ್ ಕಾರ್ಡು ತಂದರು. ಬೂದು ಬಣ್ಣದ ದಪ್ಪ ಕಾಗದ. ಜಾಬ್, ಶುರು, ಮುಗಿದದ್ದು, ಓಕೆ, ರಿಜೆಕ್ಟ್ ಎಂದು ಐದು ಕಾಲಂ. "ಏನ್ ಮಾಡ್ತೀನಿ ಅಂತ ಬರೀಬೇಡ. ಏನ್ ಮಾಡ್ದೆ ಅಂತ ಬರಿ" ಎಂದರು. ಅದರಲ್ಲಿ ಬಳ್ಳಿ ಬಿಡಿಸಲು ಜಾಗವೇ ಇರಲಿಲ್ಲ, ನನಗೆ ಸ್ವಲ್ಪ ಬೇಜಾರಾಯಿತು.

ಆದರೂ ಅವತ್ತು ಸಂಜೆ ಪಟ್ಟು ಹಿಡಿದು ಕೂತೆ. ಸಮೀಕರಣದ ಲೆಕ್ಕ, ಒಂದೇ ಉಸಿರಿಗೆ ಇಪ್ಪತ್ತು. ಕಾರ್ಡಿನಲ್ಲಿ ಶುರು ಆರೂವರೆ, ಮುಗಿದದ್ದು ಏಳು ಎಂದು ಬರೆದು, ಓಕೆ ಕಾಲಂನಲ್ಲಿ ಇಪ್ಪತ್ತು ಎಂದು ನಾನೇ ತುಂಬಿ, ಬೀಗುತ್ತಾ ಅಪ್ಪನ ಮುಂದೆ ಹಿಡಿದೆ. ಅಪ್ಪ ಕಾರ್ಡು ಬಿಟ್ಟು ನೋಟ್ ಬುಕ್ ತೆಗೆದುಕೊಂಡರು. ಮೊದಲ ಲೆಕ್ಕದ ಮೇಲೆ ಬೆರಳಿಟ್ಟರು. ಎರಡು ಎಕ್ಸ್‌ಗೆ ಆರು ಕೂಡಿದರೆ ಹದಿನಾಲ್ಕು.

"ಈ ಎಕ್ಸ್ ಅಂದ್ರೇನು?"

"ಗೊತ್ತಿಲ್ದೇ ಇರೋ ನಂಬರ್."

"ಗೊತ್ತಿಲ್ಲ ಅಂತೀಯ, ಹತ್ತು ಅಂತ ಬರ್ದಿದೀಯ?"

"ಅದು ಕಂಡುಹಿಡಿದಿದ್ದು ಅಪ್ಪಾ!"

"ಸರಿ. ಹಂಗಾದ್ರೆ ಆ ಹತ್ತನ್ನ ಇಲ್ಲಿಗೆ ಹಾಕಿ ನೋಡು. ಕೂರುತ್ತಾ?"

ಎರಡು ಹತ್ತಲ ಇಪ್ಪತ್ತು, ಇಪ್ಪತ್ತಕ್ಕೆ ಆರು ಇಪ್ಪತ್ತಾರು. ಹದಿನಾಲ್ಕಾಗಬೇಕಿತ್ತು. ಆರನ್ನು ಆ ಕಡೆಗೆ ಒಯ್ಯುವಾಗ ಕಳೆಯುವ ಬದಲು ಕೂಡಿಬಿಟ್ಟಿದ್ದೆ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ. ಇಪ್ಪತ್ತಕ್ಕೆ ಇಪ್ಪತ್ತೂ, ಅಂದವಾದ ಅಕ್ಷರದಲ್ಲಿ, ಒಂದೇ ತಪ್ಪು. ರಿಜೆಕ್ಟ್ ಕಾಲಂನಲ್ಲಿ ಇಪ್ಪತ್ತು ಎಂದು ನನ್ನ ಕೈಯಿಂದಲೇ ಬರೆಸಿದರು. ಅಳು ಉಕ್ಕಿ ಬಂತು. ಖೋ ಖೋ ಹೋಯಿತು ಎಂದು ಜೋರಾಗಿಯೇ ಅತ್ತೆ.

ಅಪ್ಪ ಸಮಾಧಾನ ಮಾಡಲಿಲ್ಲ, ಚಾಪೆಯ ಮೇಲೆ ಪಕ್ಕದಲ್ಲಿ ಕೂತರು.

"ನಾನ್ ಹೊಸ್ದಾಗಿ ಸೇರ್ದಾಗ ಎಂಬತ್ತು ಬುಷ್ ಮಾಡಿಟ್ಟಿದ್ದೆ, ಶಾಫ್ಟಿಗೆ ಹಾಕೋ ಬಳೆ ತರದ್ದು, ಮಧ್ಯಾಹ್ನದೊಳಗೆ. ಎಷ್ಟ್ ಫಾಸ್ಟು ನೋಡು ನಾನು ಅಂತ ಖುಷೀಲಿದ್ದೆ. ಫಸ್ಟ್ ಪೀಸ್ ಮೇಸ್ತ್ರಿಗೆ ತೋರಿಸ್ಬೇಕು ಅನ್ನೋದೇ ಮರ್ತಿದ್ದೆ. ಎಂಬತ್ತೂ ಲೂಸು. ಮೇಸ್ತ್ರಿ ಬೈಲಿಲ್ಲ. ಅಷ್ಟೂ ಬುಷ್ಷನ್ನ ನನ್ ಕೈಲೇ ಹೊರ್ಸಿ ಸ್ಕ್ರಾಪಿಗೆ ಹಾಕಿಸ್ದ."

"ಆಮೇಲೆ?"

"ಆಮೇಲೇನು, ಫಸ್ಟ್ ಪೀಸ್ ತೋರ್ಸೋದು ಕಲ್ತೆ. ನೀನೂ ಒಂದ್ ಮಾಡು, ನನಗೆ ತೋರ್ಸು. ಕೂತ್ರೆ ಮಿಕ್ಕಿದ್ದು ಓಡ್ಸು."

ಅಂದಿನಿಂದ ಅದೇ ಪದ್ಧತಿಯಾಯಿತು. ಮೈದಾನಕ್ಕೆ ಹೊರಡುವ ಮೊದಲೇ ಚಾಪೆ ಹಾಸಿ, ಪುಸ್ತಕ ತೆರೆದು, ಪೆನ್ಸಿಲ್ ಹೆರೆದಿಟ್ಟು, ಸೆಟ್ಟಿಂಗ್ ಮುಗಿಸಿ ಓಡುತ್ತಿದ್ದೆ. ಕಸ ಗುಡಿಸಲು ಬಂದ ಅಮ್ಮನಿಗೆ ಚಾಪೆ ಅಡ್ಡ. "ಏನ್ರೀ ಇದು, ಮನೇನೋ ಶೆಡ್ಡೋ?" ಎಂದು ಅಪ್ಪನ ಮೇಲೆ ಹರಿಹಾಯುತ್ತಿದ್ದರು, ಆದರೆ ಚಾಪೆಯನ್ನು ಸುತ್ತುತ್ತಿರಲಿಲ್ಲ. ಆಡಿ ಬಂದು ಕೈಕಾಲು ತೊಳೆದು ಕೂತರೆ ಮೊದಲ ಲೆಕ್ಕ ಅಪ್ಪನಿಗೆ. ಅಪ್ಪ ಕಡಲೆಪುರಿ ಮೆಲ್ಲುತ್ತಾ ಉತ್ತರವನ್ನು ಸಮೀಕರಣಕ್ಕೆ ಹಾಕಿ, ತುಟಿ ಅಲುಗಿಸಿ ಎಣಿಸಿ, "ಕೂತ್ತು" ಎನ್ನುತ್ತಿದ್ದರು. ಆ ಒಂದು ಮಾತಿಗೆ ನನಗಾಗುತ್ತಿದ್ದ ಖುಷಿಗೆ ಎಣೆಯಿಲ್ಲ. ನಲವತ್ತು ನಿಮಿಷಕ್ಕೆ ಎಂಟೋ ಹತ್ತೋ ಲೆಕ್ಕ, ಅಷ್ಟೇ. ಬೆಳಿಗ್ಗೆ ಐದಕ್ಕೆ ನಾನು ಒಂದು ದಿನವೂ ಏಳಲಿಲ್ಲ.

ಟೆಸ್ಟಿನ ದಿನ ಹತ್ತು ಲೆಕ್ಕ ಕೊಟ್ಟಿದ್ದರು. ಪ್ರತಿಯೊಂದನ್ನೂ ಕೂರಿಸಿ ನೋಡುತ್ತಾ ಹೋದೆ. ಏಳನೆಯದು ಮುಗಿಯುವಷ್ಟರಲ್ಲಿ ಬೆಲ್ಲು ಹೊಡೆಯಿತು. ಶೋಭಾ ಹತ್ತೂ ಬರೆದು ಕಿಟಕಿಯಾಚೆ ಕಾಗೆ ನೋಡುತ್ತಾ ಕೂತಿದ್ದಳು. ಪೇಪರು ಕೈಗೆ ಬರುವವರೆಗಿನ ನಾಲ್ಕು ದಿನ ಮೈದಾನದಲ್ಲಿ ಓಡುವಾಗಲೂ ಆ ಮೂರು ಖಾಲಿ ಲೆಕ್ಕಗಳೇ ಕಣ್ಣ ಮುಂದೆ.

ಬಂದದ್ದು ಹದಿನೇಳೂವರೆ. ಶೋಭಾಳಿಗೆ ಇಪ್ಪತ್ತನಾಲ್ಕು, ಅವಳ ಮಾತು ಬಿಡಿ, ಅವಳು ಹುಟ್ಟಾ ಜಾಣೆ. ಅಮ್ಮ ಪೇಪರು ತಿರುವಿ, "ಕೊನೇ ಮೂರ್ ಯಾಕ್ ಬಿಟ್ಟೆ?" ಎಂದರು.

ಅಪ್ಪ ಮಾತ್ರ, "ಓಡ್ಸಿದ್ ಏಳೂ ಓಕೆ ಆಗಿದೆಯಲ್ಲ ಕಣೇ, ಕಳ್ಸು ಅವಳನ್ನ" ಎಂದರು. ಅಮ್ಮ ಪಂದ್ಯದ ದಿನಕ್ಕೆಂದು ಚಿತ್ರಾನ್ನ ಕಟ್ಟಿಕೊಟ್ಟರು. ನಾವು ಮೊದಲ ಸುತ್ತಿನಲ್ಲೇ ಸೋತೆವು. ನಾನು ಒಬ್ಬಳನ್ನು ಔಟ್ ಮಾಡಿದೆ, ಆ ಒಬ್ಬಳ ಕಥೆಯನ್ನು ಬೀದಿಯವರೆಲ್ಲ ಒಂದು ತಿಂಗಳು ಕೇಳಬೇಕಾಯಿತು.

ಈಗ ಆ ಶೆಡ್ಡಿನ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡವಿದೆ. ಅಪ್ಪ ಅಮ್ಮ ನಮ್ಮ ಜೊತೆಗೇ ಮಲ್ಲತ್ತಹಳ್ಳಿಯಲ್ಲಿದ್ದಾರೆ, ಬೆಳಿಗ್ಗೆ ಸಂಜೆ ಕೆರೆ ಸುತ್ತುತ್ತಾರೆ, ಆರೋಗ್ಯವಾಗಿದ್ದಾರೆ. ನಾನು ಕೆಲಸದಲ್ಲಿ ಅಚ್ಚುಕಟ್ಟು ಎಂದು ಹೆಸರು ಮಾಡಿದ್ದೇನೆ. ಹೊತ್ತಿಗೆ ಸರಿಯಾಗಿ ಮುಗಿಸುತ್ತೇನೆ, ತಪ್ಪು ಕಡಿಮೆ. ಬದುಕಿನ ಬಗ್ಗೆ ನನ್ನದೇನೂ ದೂರಿಲ್ಲ. ಆದರೆ ದಿನವಿಡೀ ಲೇತಿನ ಮುಂದೆ ನಿಂತು ಬಂದ ಕಾಲನ್ನು ಮಡಚಿ, ತನಗೆ ಗೊತ್ತಿಲ್ಲದ ಪಾಠದ ಪಕ್ಕ ಕೂರುತ್ತಿದ್ದ ಅಪ್ಪನ ಆ ಪುರುಸೊತ್ತು ಮಾತ್ರ ನನಗೆ ಬರಲಿಲ್ಲ. ಆ ವಿದ್ಯೆಯನ್ನು ನಾನು ಕಲಿಯಲೇ ಇಲ್ಲವೆಂಬುದು ನಿಜವಾಗಿಯೂ ನೋಯಿಸುತ್ತದೆ.

ಮೊನ್ನೆ ಅಪ್ಪ ತಮ್ಮ ಹೊಸ ಮೊಬೈಲ್ ಹಿಡಿದು ಬಂದರು, ಫೋಟೋ ಕಳಿಸುವುದು ಹೇಗೆಂದು ಕೇಳಲು. ನಾನು ಗಡಿಯಾರ ನೋಡಿ, "ಹತ್ತು ನಿಮಿಷ ಇದೆ ಅಪ್ಪಾ, ಬೇಗ ಹೇಳ್ಕೊಡ್ತೀನಿ" ಎಂದೆ.

"ಹತ್ತು ನಿಮಿಷಾನಾ!" ಎಂದು ಅಪ್ಪ ಸಂತೋಷದಿಂದ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.