ಅರಿಶಿನ-ಸುಣ್ಣ

ನಿನ್ನ ಮಂಡಿಗೆ ಏನೂ ಆಗಿರಲಿಲ್ಲ ಕ್ವಾಸಿ. ಸಣ್ಣದೊಂದು ಊತ, ಅಷ್ಟೇ. ಎರಡು ದಿನದಲ್ಲಿ ಇಳಿಯುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನಿನ್ನ ಆಟ ನೋಡಲೆಂದೇ ಕಲ್ಕತ್ತೆಯಿಂದ ಬಂದಿದ್ದ ಮನುಷ್ಯನಿಗೆ ನಿನ್ನ ಕಾಲು ಕೆಲಸಕ್ಕೆ ಬಾರದ್ದೆಂದು ಹೇಳಿ ಕಳಿಸಿದೆ. ನಾಲ್ಕು ದಶಕವಾಗುತ್ತ ಬಂತು. ಯಾರಿಗೂ ಹೇಳಿಲ್ಲ — ಹೆಂಡತಿಗೂ ಇಲ್ಲ, ಸಾಯುವ ಮುನ್ನ ನಿನ್ನ ಹೆಸರು ಹಿಡಿದು ವಿಚಾರಿಸಿದ ಅಮ್ಮನಿಗೂ ಇಲ್ಲ.

ಆಗ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ದುಡಿಯುತ್ತಿದ್ದೆ. ಭಾನುವಾರ ಮಾತ್ರ ಕಾರ್ಖಾನೆಯ ಫುಟ್‌ಬಾಲ್ ತಂಡದ ಕ್ಯಾಪ್ಟನ್, ಮುಂದಿನ ಸಾಲಿನ ಆಟಗಾರ, ಗೋಲು ಹೊಡೆಯುವವನು. ನೀನು ಘಾನಾದಿಂದ ಬೆಂಗಳೂರಿಗೆ ಓದಲು ಬಂದಿದ್ದ ಇಪ್ಪತ್ತರ ಹುಡುಗ. ಟೂರ್ನಮೆಂಟಿನಲ್ಲಿ ಪ್ರತಿ ತಂಡವೂ ಹೊರಗಿನವನೊಬ್ಬನನ್ನು ಆಡಿಸಬಹುದಿತ್ತು. ನಿನ್ನನ್ನು ಹುಡುಕಿ ಕರೆತಂದವನು ನಾನೇ. ಆ ಕಲ್ಲು ಮೈದಾನದಲ್ಲಿ ನೀನು ಮೊದಲ ದಿನವೇ ಕಚ್ಚುತ್ತಿದ್ದ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಎರಡು ಗೋಲು ಹೊಡೆದೆ. ಮೂರನೆಯ ವಾರಕ್ಕೆ ನಾನು ಹಿಂದಿನ ಸಾಲಿಗೆ ಸರಿದೆ. ಹೋಗು ಎಂದು ಯಾರೂ ಅನ್ನಲಿಲ್ಲ — ನಾನೇ ಹೋದೆ, ನಗುನಗುತ್ತ. ಆ ನಗುವಿನಲ್ಲಿ ಹಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ.

ಆಟ ಮುಗಿಸಿ ನೀನು ಚಿಕ್ಕಬಾಣಾವರದ ನಮ್ಮ ಮನೆಗೆ ಬರುತ್ತಿದ್ದೆ. ಬಸ್ಸಿನಲ್ಲಿ ನಿನ್ನ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತದೆಂದು ನೀನೇ ಒಮ್ಮೆ ತಮಾಷೆಯಾಗಿ ಹೇಳಿದ್ದೆ. ನಿಮ್ಮಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ, ಕ್ವಾಸಿ ಎಂದರೆ ಭಾನುವಾರದವನು ಎಂದು ನೀನು ಅಮ್ಮನಿಗೆ ವಿವರಿಸಿದಾಗ ಅವಳು, "ಅಂಗಾದ್ರೆ ಭಾನಪ್ಪ ಅಂತೀನಿ, ಬಾಯಿಗೆ ಸಲೀಸು. ಕೂತ್ಕೊಳ್ಳಪ್ಪಾ, ಉಣ್ಣು," ಎಂದಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ನಿನಗೆ ಯಾರೂ ಕಲಿಸಬೇಕಾಗಲಿಲ್ಲ. ನಮ್ಮೂರಲ್ಲೂ ಹೀಗೇ ಎಂದೆ ನೀನು. ಅಪ್ಪ ಹೋದ ಮೇಲೆ ಅಮ್ಮ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನನಗೂ ಬೇರೆ ಗೆಳೆಯರಿರಲಿಲ್ಲ. ವಾರವಿಡೀ ಲೇತಿನ ಸದ್ದು, ಭಾನುವಾರ ನೀನು.

ನಮ್ಮ ಜಗುಲಿಯ ಮೇಲೆ ಕೂತೇ ನೀನು ಕಲ್ಕತ್ತೆಯ ಕ್ಲಬ್ಬಿಗೆ ಕಾಗದ ಬರೆದೆ. ಓದು ಮುಗಿಯುವುದರೊಳಗೆ ದೊಡ್ಡ ಕ್ಲಬ್ಬು ಸೇರಿದರೆ ಸರಿ, ಇಲ್ಲದಿದ್ದರೆ ಊರಿಗೆ ಬಂದು ಮರದ ಅಂಗಡಿ ನೋಡಿಕೊಳ್ಳಬೇಕೆಂದು ನಿಮ್ಮಪ್ಪ ಗಡುವು ಕೊಟ್ಟಿದ್ದರು. ಲಕೋಟೆಗೆ ಅಂಟು ಹಚ್ಚುತ್ತ, ಕಲಿತಷ್ಟು ಕನ್ನಡದಲ್ಲಿ, "ಅಣ್ಣಾ, ಅವ್ರು ಒಂದ್ಸಲ ಬಂದು ನೋಡಿದ್ರೆ ಸಾಕು," ಎಂದೆ.

ಬಂದರು. ಹೇಳದೆ ಕೇಳದೆ, ಫೈನಲ್ಲಿಗೆ ಒಂದು ವಾರ ಮುಂಚೆ. ಹಿಂದಿನ ಸಂಜೆ ಪ್ರಾಕ್ಟೀಸಿನಲ್ಲಿ ನಿನ್ನ ಮಂಡಿಗೆ ಪೆಟ್ಟಾಗಿ, ಅಮ್ಮ ಅರಿಶಿನ-ಸುಣ್ಣ ಕಲಸಿ ಬಿಸಿ ಮಾಡಿ ಹಚ್ಚಿ, ಹಳೆಯ ಬಿಳಿ ಪಂಚೆಯ ತುಂಡು ಸುತ್ತಿದ್ದಳು. ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದೆ, ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಈ ವಾರದ್ದು ಬರೀ ಪ್ರಾಕ್ಟೀಸ್ ಮ್ಯಾಚು, ಕೂತ್ಕೊ, ಫೈನಲ್ ಆಡು ಎಂದು ನಿನ್ನನ್ನು ಹೊಂಗೆಮರದ ಕೆಳಗೆ ಕೂರಿಸಿ ನಾನು ಮುಂದಿನ ಸಾಲಿನಲ್ಲಿ ಆಡಿದೆ. ಎಷ್ಟೋ ತಿಂಗಳ ಮೇಲೆ ಒಂದು ಗೋಲು ಹೊಡೆದೆ. ಮುಗಿದ ಮೇಲೆ ಮೈದಾನದ ಆಚೆ ತುದಿಯಲ್ಲಿ ಟ್ಯಾಕ್ಸಿಯಿಂದ ಇಳಿದು ನಿಂತಿದ್ದವರೊಬ್ಬರು ನನ್ನನ್ನು ಕೈಬೀಸಿ ಕರೆದರು. ಕಲ್ಕತ್ತೆಯವರೆಂದು ಹೇಳಿಕೊಂಡರು. ನನ್ನ ಗೋಲಿನ ಮಾತು ಬರಲೇ ಇಲ್ಲ. ದೂರದಲ್ಲಿ ಕಾಲು ಚಾಚಿ ಕೂತಿದ್ದ ನಿನ್ನನ್ನೇ ನೋಡುತ್ತ, ಆ ಹುಡುಗನ ಮಂಡಿಯಿಂದ ರಕ್ತ ಹರಿದಿದೆಯಲ್ಲ, ಏನಾಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ರಕ್ತವಲ್ಲ ಸಾರ್, ಅರಿಶಿನ — ಎರಡೇ ಮಾತು. ನಾಲಗೆಯ ತುದಿಯಲ್ಲಿತ್ತು. ನಾನು ಹೇಳಿದ್ದು ಬೇರೆ. "ಹಳೇ ಪೆಟ್ಟು ಸಾರ್. ಆಪರೇಷನ್ ಆಗಿದೆ. ಗಾಯ ಪದೇ ಪದೇ ಬಿಟ್ಕೊಳ್ಳುತ್ತೆ."

ಅವರು "ಪಾಪ" ಎನ್ನುವ ಹಾಗೆ ತಲೆಯಾಡಿಸಿ ಟ್ಯಾಕ್ಸಿ ಹತ್ತಿದರು. ನಾನು ಮರದ ಬಳಿ ಬಂದಾಗ ನೀನು ಕೇಳಿದೆ: "ಯಾರಣ್ಣಾ ಅವ್ರು?"

"ಯಾರೋ ದಾರಿ ಕೇಳಿದ್ರು ಕಣೋ."

ಯಾಕೆ ಹಾಗೆ ಮಾಡಿದೆ? ಫೈನಲ್ಲಿಗೆ ನೀನು ಬೇಕಿತ್ತು, ತಂಡಕ್ಕಾಗಿ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊಟ್ಟೆಕಿಚ್ಚಿತ್ತು. ಅದರ ಕೆಳಗೆ ಇನ್ನೊಂದಿತ್ತು, ಅದನ್ನು ಹೇಳಲು ಹೆಚ್ಚು ನಾಚಿಕೆ — ನೀನು ಹೋದರೆ ಭಾನುವಾರ ನಮ್ಮ ಮನೆಗೆ ಯಾರು ಬರುತ್ತಾರೆ? ನನ್ನ ಒಂಟಿತನಕ್ಕೆ ಜೊತೆ ಬೇಕೆಂದು ನಿನ್ನ ಕಾಲು ಮುರಿದೆ. ಕೈಯಿಂದಲ್ಲ, ಬಾಯಿಂದ.

ಮುಂದಿನ ಭಾನುವಾರ ಫೈನಲ್ಲಿನಲ್ಲಿ ನೀನು ಮೂರು ಗೋಲು ಹೊಡೆದೆ. ಪೀಣ್ಯದವರೆಲ್ಲ ನಿನ್ನನ್ನು ಹೆಗಲ ಮೇಲೆ ಹೊತ್ತರು. ನೋಡಬೇಕಾದವರು ಯಾರೂ ಅಲ್ಲಿರಲಿಲ್ಲ. ಆಮೇಲೆ ನೀನು ಇನ್ನೂ ಎರಡು ಕಾಗದ ಬರೆದೆ, ಒಂದನ್ನು ಟಪಾಲು ಡಬ್ಬಿಗೆ ಹಾಕಿದ್ದು ನಾನೇ. ಉತ್ತರ ಬರಲಿಲ್ಲ. ಓದು ಮುಗಿಯಿತು. ಸಿಟಿ ಸ್ಟೇಷನ್ನಿನಲ್ಲಿ ಬಾಂಬೆ ರೈಲು ಹತ್ತಿ ಕೂತು ಕಿಟಕಿಯಿಂದ ನನ್ನ ಕೈ ಹಿಡಿದು, "ಅವ್ರು ಬರ್ಲೇ ಇಲ್ಲ ಅಣ್ಣಾ," ಎಂದೆ. ಆಗಲಾದರೂ... ರೈಲು ಹೊರಡಲು ಇನ್ನೂ ಸಮಯವಿತ್ತು. ನಾನು ನಿನ್ನ ಕೈ ಒತ್ತಿದೆ, ಅಷ್ಟೇ.

ಆ ಭಾನುವಾರ ಅಮ್ಮ ಮರೆತು ಮೂರು ಮುದ್ದೆ ಕಟ್ಟಿದ್ದಳು.

ನಿನ್ನದೊಂದು ಕಾಗದ ಬಂತು. ಮರದ ಅಂಗಡಿ ನಡೆಸುತ್ತೇನೆ, ಆಟ ಬಿಟ್ಟೆ, ಅಮ್ಮ ಹೇಗಿದ್ದಾಳೆ ಎಂದು ಬರೆದಿದ್ದೆ. ಯಾವ ಮುಖ ಹೊತ್ತು ಉತ್ತರ ಬರೆಯಲಿ? ಬರೆಯಲಿಲ್ಲ. ಎಷ್ಟೋ ವರ್ಷದ ಮೇಲೆ ಹಾಸಿಗೆ ಹಿಡಿದ ಅಮ್ಮ, "ಭಾನಪ್ಪಂದು ಕಾಗ್ದ ಬಂತೇನ್ಲಾ?" ಎಂದಾಗಲೂ ಇಲ್ಲವೆಂದೇ ಹೇಳಿದೆ.

ಇಷ್ಟನ್ನೂ ನಿನಗೆ ಓದಲು ಬಾರದ ಭಾಷೆಯಲ್ಲಿ ಬರೆದಿದ್ದೇನೆ, ಗೊತ್ತು. ಅದೂ ಹೇಡಿತನವೇ. ಆ ಹಳೆಯ ಕಾಗದದ ವಿಳಾಸ ನನ್ನ ಮುಂದಿದೆ. ನೀನು ಅಲ್ಲಿದ್ದೀಯೋ, ಇದ್ದೀಯೋ ಇಲ್ಲವೋ... ನಾಳೆ ನನಗೆ ಬರುವ ಹರಕು ಇಂಗ್ಲಿಷಿನಲ್ಲೇ ಬರೆದು ಕಳಿಸುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಸ್ಟೇಷನ್ನಿನಲ್ಲಿ ನಾನು ನುಂಗಿಕೊಂಡ ಮಾತೇ ಅದರ ಮೊದಲ ಸಾಲು:

ಕ್ವಾಸಿ, ಅವರು ಬಂದಿದ್ದರು.